ಸಾಣಾಪುರದಲ್ಲಿ ನಿಂತ ಪೋರ್ಷೆ ಕೇಮನ್: ಟ್ರ್ಯಾಕ್ಟರ್‌ಗೆ ಕಟ್ಟಿ ಎಳೆಯಬಹುದೇ?

ಗಂಗಾವತಿ ರೈಸ್‌ಮಿಲ್:

ಎಲ್ಲರಿಗೂ ನಮಸ್ಕಾರ. ಗಂಗಾವತಿಯ ಒಂದು ಅಕ್ಕಿ ಗಿರಣಿಯಲ್ಲಿ ನಾನು ಮ್ಯಾನೇಜರ್. ಭತ್ತದ ಲಾರಿ, ಹೊಟ್ಟು ಸಾಗಿಸುವ ಟ್ರ್ಯಾಕ್ಟರ್, ಬಾಯ್ಲರ್ ಇವುಗಳ ರಗಳೆ ನನಗೆ ಹೊಸದಲ್ಲ. ಈಗ ತಲೆಯ ಮೇಲೆ ಬಂದಿರುವುದು ಬೇರೆ ಜಾತಿಯ ರಗಳೆ.

ನಮ್ಮ ಸಾಹುಕಾರರ ಅಳಿಯ ಬೆಂಗಳೂರಿನಿಂದ ಪೋರ್ಷೆ 718 ಕೇಮನ್ ತೆಗೆದುಕೊಂಡು ಬಂದಿದ್ದರು. ಆಟೋಮ್ಯಾಟಿಕ್ ಗೇರಿನ ಗಾಡಿ. ಅಂಜನಾದ್ರಿ ನೋಡಿಕೊಂಡು ಸಾಣಾಪುರದ ಕಡೆ ಹೊರಟಾಗ ಎದುರಿಗೆ ಕೇಜ್‌ವೀಲ್ (ಕೆಸರುಗದ್ದೆಗೆ ಹಾಕುವ ಕಬ್ಬಿಣದ ಚಕ್ರ) ಹಾಕಿದ ಟ್ರ್ಯಾಕ್ಟರ್ ಬಂದಿದೆ. ದಾರಿ ಬಿಡಲು ಪಕ್ಕಕ್ಕೆ ಸರಿದಾಗ ಅಂಚಿನ ಕಲ್ಲು ಬಡಿದು ಹಿಂದಿನ ಎಡ ಟೈರಿನ ಪಕ್ಕೆಯೇ ಹರಿದಿದೆ. ಕಾರಿನಲ್ಲಿ ಸ್ಟೆಪ್ನಿ ಇಲ್ಲ. ಒಂದು ಬಾಟಲಿ ಅಂಟುದ್ರಾವಣ ಮತ್ತು ಚಿಕ್ಕ ಗಾಳಿಯಂತ್ರ ಇದ್ದವು. ದ್ರಾವಣವೆಲ್ಲ ಹರಿದ ಜಾಗದಿಂದ ಹೊರಬಂದು ರಸ್ತೆಗೆ ಸೇರಿತು.

ಕಾರನ್ನು ಹೇಗೋ ತೆವಳಿಸಿ ಹತ್ತಿರದ ಹೋಟೆಲ್ ಒಂದರ ಅಂಗಳಕ್ಕೆ ತಂದು ನಿಲ್ಲಿಸಿದರು. ರಾತ್ರಿಯಿಡೀ ನಾಲ್ಕೂ ಇಂಡಿಕೇಟರ್ ಮಿನುಗುತ್ತಲೇ ಇದ್ದವಂತೆ. ಬೆಳಿಗ್ಗೆ ನೋಡಿದರೆ ಬ್ಯಾಟರಿ ಸತ್ತಿದೆ. ಕೀಲಿಯಿಂದ ಬಾಗಿಲು ತೆರೆಯುತ್ತದೆ, ಅಷ್ಟೇ. ಬಾನೆಟ್ ತೆರೆಯುವುದಿಲ್ಲ, ಸ್ಟೇರಿಂಗ್ ತಿರುಗುವುದಿಲ್ಲ, ಗೇರ್ ಪಾರ್ಕಿಂಗ್ ಬಿಟ್ಟು ಅಲುಗುವುದಿಲ್ಲ, ಹ್ಯಾಂಡ್‌ಬ್ರೇಕೂ ಗುಂಡಿಯದು. ಅಳಿಯಂದಿರು ಕೀಲಿಯನ್ನು ನನ್ನ ಕೈಗಿಟ್ಟು, ಜೋಪಾನ ಎಂದು ಹೇಳಿ ರೈಲು ಹತ್ತಿದರು.

ನನ್ನ ಮುಂದೆ ಮೂರು ದಾರಿಗಳಿವೆ. ಗಿರಣಿಯ ಟ್ರ್ಯಾಕ್ಟರ್‌ಗೆ ಸರಪಳಿ ಕಟ್ಟಿ ಗಂಗಾವತಿಗೆ ಎಳೆದು ತರುವುದು. ಹೊಸಪೇಟೆಯಿಂದ ಕೊಕ್ಕೆ ಕ್ರೇನ್ ಕರೆಸುವುದು. ಇಲ್ಲವೇ ಕಾರಟಗಿಯಲ್ಲಿ ಸಾಹುಕಾರರ ಬೀಗರ ಬಳಿ ಇರುವ ಜೋಡಿ ಆಕ್ಸಲ್ ಟ್ರೇಲರ್ ತಂದು, ಸ್ಕಾರ್ಪಿಯೋಗೆ ಜೋಡಿಸಿ ನೇರ ಬೆಂಗಳೂರಿಗೆ ಕಳಿಸುವುದು. ಎಂಜಿನ್ ಮಧ್ಯದಲ್ಲಿದೆ, ಭಾರ ಎರಡೂ ಕಡೆ ಸಮ, ಯಾವ ಕಡೆಯಿಂದ ಎಳೆದರೂ ಒಂದೇ ಎಂದು ನಮ್ಮ ಊರಿನ ಮೆಕ್ಯಾನಿಕ್ ಹೇಳುತ್ತಾನೆ. ಹೌದೇ? ಮೊದಲ ಸಂಜೆ ಅವನು ಮುಂದಿನ ಮುಚ್ಚಳ ತೆರೆದರೆ ಬ್ಯಾಗು, ಹಿಂದಿನದು ತೆರೆದರೂ ಬ್ಯಾಗು. ಎಂಜಿನ್ ಎಲ್ಲಿ ಎಂದು ಕಾರಿನ ಸುತ್ತ ಪ್ರದಕ್ಷಿಣೆ ಹಾಕಿದವನು ಅವನೇ. ಆದ್ದರಿಂದ ನನಗೆ ಪೂರ್ತಿ ನಂಬಿಕೆ ಬರುತ್ತಿಲ್ಲ.

ರಾಯಚೂರು ಟ್ಯಾಕ್ಸಿ:

ಅಣ್ಣ, ಇಷ್ಟು ಯೋಚನೆ ಯಾಕೆ? ನನ್ನ ಡಿಸೈರ್ ಲಿಂಗಸುಗೂರು ದಾರಿಯಲ್ಲಿ ನಿಂತಾಗ ಕ್ರೇನಿನವರು ಮುಂದಿನ ಚಕ್ರಗಳನ್ನು ಎತ್ತಿ ಕಟ್ಟಿ ಆರಾಮವಾಗಿ ತಂದು ಬಿಟ್ಟರು. ಒಂದು ಗೀರೂ ಬೀಳಲಿಲ್ಲ. ಇದನ್ನೂ ಹಾಗೆಯೇ ಮಾಡಿಸಿ. ಹೇಗೂ ಹರಿದಿರುವುದು ಹಿಂದಿನ ಟೈರು, ಅದನ್ನು ಬದಲಿಸಲೇಬೇಕಲ್ಲ.

ತೋರಣಗಲ್ಲು ರಿಕವರಿ:

ಮ್ಯಾನೇಜರ್ ಸಾಹೇಬರೇ, ಟ್ರ್ಯಾಕ್ಟರನ್ನು ಗಿರಣಿಯಲ್ಲೇ ಇರಲು ಬಿಡಿ. ಸಂಡೂರಿನ ಅದಿರು ಲಾರಿಗಳನ್ನು ಹಳ್ಳದಿಂದ ಎತ್ತುವುದು ನನ್ನ ಕಸುಬು. ಹಂಪಿ ನೋಡಲು ಬರುವವರ ಇಂಥ ನೆಲಮಟ್ಟದ ಕಾರುಗಳನ್ನೂ ಸಾಗಿಸಿದ್ದೇನೆ. ಅದಿರು ಲಾರಿ ಎತ್ತುವುದೇ ಸುಲಭ, ಎಲ್ಲಿ ಕೊಕ್ಕೆ ಹಾಕಿದರೂ ಕಬ್ಬಿಣ ಸಿಗುತ್ತದೆ.

ಮೊದಲು ನಿಮ್ಮ ಮೆಕ್ಯಾನಿಕ್‌ನ ಮಾತು. ಮಧ್ಯದ ಎಂಜಿನ್ ಎಂದರೆ ಕಾರಿನ ನಟ್ಟನಡುವೆ ಎಂದಲ್ಲ. ಸೀಟಿನ ಬೆನ್ನ ಹಿಂದೆ, ಹಿಂದಿನ ಆಕ್ಸಲ್‌ಗಿಂತ ಸ್ವಲ್ಪ ಮುಂದೆ ಎಂದರ್ಥ. ಗೇರ್‌ಬಾಕ್ಸ್ ಅದಕ್ಕೂ ಹಿಂದೆ. ಕೇಮನ್‌ನಲ್ಲಿ ನೂರರಲ್ಲಿ ಸುಮಾರು 55 ಪಾಲು ಭಾರ ಹಿಂದಿನ ಚಕ್ರಗಳ ಮೇಲಿದೆ. ಕಾರಿಗೆ ಅಂದಾಜು 1,400 ಕೆ.ಜಿ. ಹಿಡಿದರೆ ಹಿಂದೆ 770, ಮುಂದೆ 630. ಓಡಿಸುವವನಿಗೆ ಇದು ಬಹಳ ಒಳ್ಳೆಯ ಹಂಚಿಕೆ. ಎಳೆಯುವವನು ಮಾತ್ರ ಇದನ್ನು ಮರೆತರೆ ಕೆಲಸ ಕೆಡುತ್ತದೆ.

ರಾಯಚೂರಿನ ತಮ್ಮಾ, ಡಿಸೈರ್‌ನಲ್ಲಿ ಎಂಜಿನ್ ತಿರುಗಿಸುವುದು ಮುಂದಿನ ಚಕ್ರಗಳನ್ನು. ಅವನ್ನು ಎತ್ತಿದರೆ ಗೇರ್‌ಬಾಕ್ಸ್‌ಗೆ ವಿಶ್ರಾಂತಿ, ಹಿಂದಿನವು ಬರೀ ಉರುಳುತ್ತವೆ. ನಿನ್ನ ಕ್ರೇನಿನವನು ಸರಿಯಾಗಿಯೇ ಮಾಡಿದ್ದಾನೆ. ಕೇಮನ್‌ನಲ್ಲಿ ತಿರುಗುವುದು ಹಿಂದಿನ ಚಕ್ರಗಳು. ಮುಂದೆ ಎತ್ತಿದರೆ ಭಾರದ ಕಡೆಯೂ ಗೇರ್‌ಬಾಕ್ಸ್ ಕಡೆಯೂ ರಸ್ತೆಯ ಮೇಲೆ ಉಳಿಯುತ್ತವೆ. ಎಂಜಿನ್ ನಿಂತಿರುವಾಗ ಗೇರ್‌ಬಾಕ್ಸಿನ ಎಣ್ಣೆ ಪಂಪೂ ನಿಂತಿರುತ್ತದೆ. ಚಕ್ರ ತಿರುಗಿದಷ್ಟು ಹೊತ್ತು ಒಳಗಿನ ಭಾಗಗಳು ಸಾಕಷ್ಟು ಎಣ್ಣೆಯಿಲ್ಲದೆ ಉಜ್ಜುತ್ತವೆ. ಹಾಗಾದರೆ ಹಿಂದಿನಿಂದ ಎತ್ತೋಣ ಎನ್ನುತ್ತೀರಾ? ಆಗ ಮೂತಿ ಇನ್ನೂ ಕೆಳಗಿಳಿಯುತ್ತದೆ. ಆನೆಗೊಂದಿ ರಸ್ತೆಯ ಪ್ರತಿಯೊಂದು ಹಂಪೂ ಮುಂದಿನ ಬಂಪರ್‌ನಿಂದ ಒಂದೊಂದು ತುಂಡು ಕಿತ್ತುಕೊಳ್ಳುತ್ತದೆ. ನಾಲ್ಕೂ ಚಕ್ರ ನೆಲ ಬಿಟ್ಟು ಲಾರಿಯ ಮೇಲೆ ಕೂರಬೇಕು. ಈ ಕಾರಿಗೆ ಬೇರೆ ಮರ್ಯಾದೆಯ ದಾರಿ ಇಲ್ಲ.

ಸರಪಳಿ ಕಟ್ಟಿ ಎಳೆಯುವುದರ ಬಗ್ಗೆ ಎರಡೇ ಮಾತು. ಎಂಜಿನ್ ಆಫ್ ಇದ್ದರೆ ಬ್ರೇಕಿಗೂ ಸ್ಟೇರಿಂಗಿಗೂ ಸಹಾಯ ಸಿಗುವುದಿಲ್ಲ, ಪೆಡಲ್ ಕಲ್ಲಾಗುತ್ತದೆ. ಮುಂದೆ ಟ್ರ್ಯಾಕ್ಟರ್ ನಿಂತರೆ ಕಾರು ಹೋಗಿ ಅದರ ಹುಕ್ಕಿಗೆ ಮೂತಿ ಕೊಡುತ್ತದೆ. ಇನ್ನು ಕಾನೂನು. ಕೆಟ್ಟ ವಾಹನವನ್ನು ಹತ್ತಿರದ ಗ್ಯಾರೇಜಿಗೋ ಪೆಟ್ರೋಲ್ ಬಂಕಿಗೋ ಎಳೆಯಲಷ್ಟೇ 1989ರ ರಸ್ತೆ ನಿಯಮಾವಳಿ ಅವಕಾಶ ಕೊಟ್ಟಿತ್ತು. ಎರಡು ವಾಹನಗಳ ನಡುವೆ 5 ಮೀಟರ್‌ಗಿಂತ ಹೆಚ್ಚು ಅಂತರ ಕೂಡದು, ವೇಗ ಗಂಟೆಗೆ 24 ಕಿ.ಮೀ. ದಾಟಬಾರದು, ಎಳೆಸಿಕೊಳ್ಳುವ ಗಾಡಿಯ ಹಿಂದೆ 75 ಮಿ.ಮೀ. ಎತ್ತರದ ಅಕ್ಷರಗಳ ಫಲಕ ಇರಬೇಕು ಎಂದೂ ಅದರಲ್ಲಿತ್ತು. ಆ ವೇಗದಲ್ಲಿ ಬೆಂಗಳೂರು ಮುಟ್ಟುವಷ್ಟರಲ್ಲಿ ನಿಮ್ಮ ಗಿರಣಿಯಲ್ಲಿ ಎರಡು ಪಾಳಿ ಮುಗಿದಿರುತ್ತದೆ.

ಈಗ ನಿಜವಾದ ಕೆಲಸ. ಲಾರಿ ಬರುವ ಮುಂಚೆ ಕಾರಿಗೆ ಕರೆಂಟ್ ಕೊಡಿ. ಎಳೆಯುವ ಕೊಂಡಿ ಇರುವುದು ಮುಂದಿನ ಡಿಕ್ಕಿಯಲ್ಲಿ. ಬ್ಯಾಟರಿ ಇರುವುದೂ ಅಲ್ಲೇ. ಆ ಡಿಕ್ಕಿ ತೆರೆಯಬೇಕಾದರೆ ಬ್ಯಾಟರಿಯೇ ಬೇಕು! ಇದನ್ನು ಯೋಚಿಸಿದ ಪುಣ್ಯಾತ್ಮರು ಒಂದು ಕಳ್ಳದಾರಿಯನ್ನೂ ಇಟ್ಟಿದ್ದಾರೆ. ಕಾಲಿಡುವ ಜಾಗದ ಪಕ್ಕದಲ್ಲಿರುವ ಫ್ಯೂಸ್ ಪೆಟ್ಟಿಗೆಯ ಮುಚ್ಚಳ ತೆಗೆದರೆ ಹೊರಗೆ ಎಳೆದುಕೊಳ್ಳಬಹುದಾದ ಒಂದು ಪ್ಲಸ್ ತುದಿ ಇರುತ್ತದೆ. ಬೇರೆ 12 ವೋಲ್ಟ್ ಬ್ಯಾಟರಿಯ ಕೆಂಪು ತಂತಿಯನ್ನು ಅದಕ್ಕೆ ಹಿಡಿಸಿ, ಕಪ್ಪು ತಂತಿಯನ್ನು ಬಾಗಿಲಿನ ಚಿಲಕ ಕೂರುವ ಲೋಹದ ಕೊಂಡಿಗೆ ಹಿಡಿಸಿ, ಕೀಲಿಯ ಗುಂಡಿ ಒತ್ತಿದರೆ ಮುಚ್ಚಳ ಬಿಚ್ಚಿಕೊಳ್ಳುತ್ತದೆ. ಆ ತುದಿ ಮುಚ್ಚಳ ತೆರೆಯಲು ಮಾತ್ರ. ಅಲ್ಲಿಂದಲೇ ಎಂಜಿನ್ ಸ್ಟಾರ್ಟ್ ಮಾಡಲು ಹೋಗಬೇಡಿ. ಡಿಕ್ಕಿ ತೆರೆದ ಮೇಲೆ ಚಾರ್ಜರ್ ಅಥವಾ ಜಂಪರ್ ತಂತಿಯನ್ನು ನೇರ ಬ್ಯಾಟರಿಗೆ ಕೊಡಿ. ಲಾರಿ ಹತ್ತಿ ಮುಗಿಯುವವರೆಗೆ ತೆಗೆಯಬೇಡಿ. ಅರ್ಧ ರ‍್ಯಾಂಪ್‌ನಲ್ಲಿ ಕಾರು ಮತ್ತೆ ನಿದ್ದೆ ಹೋದರೆ ಸ್ಟೇರಿಂಗ್, ಗೇರ್ ಎಲ್ಲವೂ ಮತ್ತೆ ಬೀಗ.

ಇಗ್ನಿಷನ್ ಆನ್ ಮಾಡಿ, ಬ್ರೇಕ್ ಒತ್ತಿ ನ್ಯೂಟ್ರಲ್‌ಗೆ ಹಾಕಿ, ಪಾರ್ಕಿಂಗ್ ಬ್ರೇಕ್ ಬಿಡಿಸಿ. ಒಬ್ಬ ಮನುಷ್ಯ ಸೀಟಿನಲ್ಲೇ ಕೂತಿರಲಿ. ಕೊಂಡಿಯನ್ನು ಬಂಪರ್‌ನ ಚಿಕ್ಕ ಮುಚ್ಚಳ ತೆಗೆದು ತಿರುಗಿಸಿ ಕೂರಿಸಬೇಕು. ಯುರೋಪಿನ ಅನೇಕ ಕಾರುಗಳಲ್ಲಿ ಈ ತಿರುಪು ಉಲ್ಟಾ, ಅಂದರೆ ಎಡಕ್ಕೆ ತಿರುಗಿಸಿದರೆ ಬಿಗಿಯಾಗುತ್ತದೆ. ಬಲಕ್ಕೆ ತಿರುಗಿಸಿ ಕೂರುತ್ತಿಲ್ಲ ಎಂದು ಸುತ್ತಿಗೆ ತರಿಸಬೇಡಿ. ಪೂರ್ತಿ ಒಳಗೆ ಹೋಗಿ ನಿಲ್ಲುವವರೆಗೆ ತಿರುಗಿಸಿ. ಅರ್ಧ ತಿರುಪಿನಲ್ಲಿ ಎಳೆದರೆ ಕೊಂಡಿ ಬಾಗುತ್ತದೆ. ಅದು ನೇರ ಎಳೆತಕ್ಕೆ ಮಾಡಿದ್ದು, ಅಡ್ಡ ಎಳೆತಕ್ಕಲ್ಲ. ಲಾರಿಯನ್ನು ಕಾರಿನ ನೇರಕ್ಕೇ ನಿಲ್ಲಿಸಬೇಕು.

ಹರಿದ ಟೈರಿನ ಮೇಲೆ ಎಳೆದರೆ ರಿಮ್ ಹೋಗುತ್ತದೆ, ಜೊತೆಗೆ ಮೊದಲೇ ತಗ್ಗಿರುವ ಹಿಂಭಾಗ ಇನ್ನೂ ತಗ್ಗುತ್ತದೆ. ಪಂಕ್ಚರ್ ಅಂಗಡಿಯವನನ್ನು ಕರೆಸಿ ಒಳಗಿನಿಂದ ಒಂದು ದೊಡ್ಡ ಪ್ಯಾಚ್ ಹಾಕಿಸಿ. ಪಕ್ಕೆ ಹರಿದ ಟೈರ್ ಓಡಿಸಲು ಅದು ಉಪಯೋಗವಿಲ್ಲ, ಹತ್ತು ನಿಮಿಷ ಗಾಳಿ ಹಿಡಿದರೆ ಸಾಕು. ಜ್ಯಾಕ್ ಹಚ್ಚುವಾಗ ಎಚ್ಚರ. ಈ ಕಾರಿನ ಹೊಟ್ಟೆಯ ಕೆಳಗೆಲ್ಲ ಪ್ಲಾಸ್ಟಿಕ್ ಹಲಗೆಗಳು. ಪಕ್ಕದ ಅಂಚಿನಲ್ಲಿ ಗುರುತಿಸಿದ ಜಾಗಕ್ಕೆ ಮಾತ್ರ ಜ್ಯಾಕ್ ಇಡಿ, ನಡುವೆ ದಪ್ಪ ರಬ್ಬರ್ ತುಂಡು ಇರಲಿ.

ರ‍್ಯಾಂಪ್ ಎಷ್ಟು ಉದ್ದವೋ ಅಷ್ಟು ಒಳ್ಳೆಯದು. ಫ್ಲಾಟ್‌ಬೆಡ್ ಲಾರಿಯ ಹಾಸು ಪೂರ್ತಿ ಬಾಗಿ ನೆಲಕ್ಕೆ ಇಳಿಯುವಂಥದ್ದೇ ಬೇಕು. ಆದರೂ ಮೂತಿ ತಾಗುತ್ತದೆ. ಚಕ್ರದ ದಾರಿಗೆ ಉದ್ದನೆಯ ಹಲಗೆಗಳನ್ನು ಜೋಡಿಸಿ ಏರನ್ನು ಇನ್ನಷ್ಟು ಮಂದ ಮಾಡಿ. ಹಾಸಿನ ಅಂಚು ದಾಟುವಾಗ ಹೊಟ್ಟೆ ತಾಗುತ್ತದೆಯೇ ಎಂದು ಒಬ್ಬನು ಪಕ್ಕದಲ್ಲಿ ಮಲಗಿಯೇ ನೋಡಬೇಕು. ಕಾರಿನ ಅಡಿಗೆ ಯಾರೂ ಕೈ ಹಾಕಬಾರದು, ಆ ಕೊಂಡಿಗೆ ಕಟ್ಟಿ ಕಾರನ್ನು ಮೇಲೆಳೆಯುವ ಲಾರಿಯ ವಿಂಚ್ (ಹಗ್ಗ ಸುತ್ತುವ ಯಂತ್ರ) ಹಗ್ಗದ ನೇರಕ್ಕೆ ಯಾರೂ ನಿಲ್ಲಬಾರದು. ವಿಂಚ್ ಮೆಲ್ಲಗೆ ಸುತ್ತಲಿ. ಅವಸರ ಮಾಡುವ ಡ್ರೈವರ್ ಸಿಕ್ಕರೆ ಚಹಾ ಕುಡಿಯಲು ಕಳಿಸಿ, ಬಂದ ಮೇಲೆ ಮುಂದುವರಿಸಿ.

ಮತ್ತೆ ಕಟ್ಟುವ ವಿಷಯ, ಎಲ್ಲರೂ ಎಡವುವ ಜಾಗ ಇದೇ. ಹಳೆಯ ಅಭ್ಯಾಸದವರು ಕೆಳಗೆ ತೂರಿ ಸಸ್ಪೆನ್ಷನ್ ತೋಳಿಗೆ ಕೊಕ್ಕೆ ಹಾಕಿ ಬಿಗಿಯುತ್ತಾರೆ. ಈ ಕಾರುಗಳಲ್ಲಿ ಅವು ಅಲ್ಯೂಮಿನಿಯಂ. ಅದೂ ಅಲ್ಲದೆ, ಬಾಡಿಯನ್ನು ಕೆಳಗೆ ಎಳೆದು ಕಟ್ಟಿದರೆ ಲಾರಿ ಹಂಪ್ ಹಾರಿದಾಗ ಸ್ಪ್ರಿಂಗ್ ಕುಗ್ಗುತ್ತದೆ, ಬೆಲ್ಟ್ ಸಡಿಲವಾಗುತ್ತದೆ, ಕೊಕ್ಕೆ ಕಳಚುತ್ತದೆ. ಟೈರಿನ ಮೇಲಿಂದ ಹಾದು ಹಾಸಿಗೆ ಬಿಗಿಯುವ ಬೆಲ್ಟ್‌ಗಳನ್ನೇ ಕೇಳಿ. ಚಕ್ರ ಹಾಸಿಗೆ ಅಂಟಿಕೊಂಡಿರುತ್ತದೆ, ಬಾಡಿ ತನ್ನ ಪಾಡಿಗೆ ಕುಣಿಯುತ್ತದೆ. ಹರಿದ ಟೈರ್ ದಾರಿಯಲ್ಲಿ ಗಾಳಿ ಬಿಟ್ಟರೆ ಅದರ ಬೆಲ್ಟ್ ಸಡಿಲವಾಗುತ್ತದೆ. ಆದ್ದರಿಂದ ಕಟ್ಟುವ ಮುಂಚೆ ಆ ಟೈರಿನ ಗಾಳಿಯನ್ನು ನೀವೇ ಪೂರ್ತಿ ಬಿಟ್ಟು, ಆಮೇಲೆ ಬಿಗಿಯಿರಿ. ಹಿಂದಿನ ಎರಡು ಚಕ್ರಗಳಿಗೆ ಇರುವುದರಲ್ಲಿ ಗಟ್ಟಿ ಬೆಲ್ಟ್ ಹಾಕಿ, 770 ಕೆ.ಜಿ. ಕೂತಿರುವುದು ಅಲ್ಲೇ. ಭಾರಮಿತಿ ಬರೆದ ಚೀಟಿ ಕಿತ್ತುಹೋದ ಬೆಲ್ಟ್, ಬಳ್ಳಾರಿಯ ಬಿಸಿಲಿಗೆ ಬಣ್ಣ ಬಿಳಿಚಿ ಒರಟಾದ ಬೆಲ್ಟ್, ಎರಡೂ ಬೇಡ.

ಕವರ್ ಹೊದಿಸಬೇಡಿ. ಗಾಳಿಗೆ ಪಟಪಟನೆ ಬಡಿದು, ಒಳಗೆ ಸೇರಿದ ಅದಿರಿನ ಧೂಳಿನಿಂದ ಬಣ್ಣವನ್ನೆಲ್ಲ ಮರಳುಕಾಗದದಂತೆ ಉಜ್ಜಿಹಾಕುತ್ತದೆ.

ಗಂಗಾವತಿ ರೈಸ್‌ಮಿಲ್:

ಅಣ್ಣ, ಕಾಲು ಹಿಡಿಯುವಷ್ಟು ಉಪಕಾರವಾಯಿತು. ಫ್ಯೂಸ್ ಪೆಟ್ಟಿಗೆಯ ಕೆಂಪು ತುದಿ ಸಿಕ್ಕಿತು. ಟ್ರ್ಯಾಕ್ಟರಿನ ಬ್ಯಾಟರಿ ಹಿಡಿಸಿದ ತಕ್ಷಣ ಮುಂದಿನ ಮುಚ್ಚಳ ಟಕ್ ಎಂದು ತೆರೆಯಿತು. ಅಂತೂ ಟ್ರ್ಯಾಕ್ಟರ್ ಕೆಲಸಕ್ಕೆ ಬಂತು ಎಂದು ಸಾಹುಕಾರರು ನಕ್ಕರು.

ಆದರೆ ಅವರು ಇನ್ನೂ ಬೀಗರ ಟ್ರೇಲರ್ ಬಿಟ್ಟಿಲ್ಲ. ಬಾಡಿಗೆ ಉಳಿಯುತ್ತದೆ, ನಾಲ್ಕೂ ಚಕ್ರ ಮೇಲೇ ಇರುತ್ತವಲ್ಲ ಎನ್ನುತ್ತಾರೆ. ಅದರ ಮೇಲೆ ಮಾರುತಿ ಕಾರುಗಳನ್ನು ಎಷ್ಟೋ ಸಲ ಸಾಗಿಸಿದ್ದಾರಂತೆ. ಚಕ್ರ ನಿಲ್ಲುವ ಜಾಗಕ್ಕೆ ಹಳದಿ ಗೆರೆಯನ್ನೂ ಬಳಿದಿದ್ದಾರೆ. ಇದಕ್ಕೇನು ಹೇಳಲಿ?

ಕೊಪ್ಪಳ ಮೆಕ್ಯಾನಿಕಲ್:

ಆ ಹಳದಿ ಗೆರೆಯೇ ಅಪಾಯ. ಇದನ್ನು ಲೆಕ್ಕದಲ್ಲೇ ತೋರಿಸುತ್ತೇನೆ, ಸಾಹುಕಾರರಿಗೆ ಲೆಕ್ಕದ ಮಾತು ರುಚಿಸಬಹುದು.

ಚಕ್ಕಡಿಯ ಹಿಂಭಾಗಕ್ಕೆ ಚೀಲಗಳನ್ನು ಒಟ್ಟಿದರೆ ನೊಗ ಎತ್ತಿನ ಹೆಗಲು ಬಿಟ್ಟು ಮೇಲೇಳುತ್ತದೆ. ಟ್ರೇಲರ್‌ನದೂ ಅದೇ ಕಥೆ. ಕೊಂಡಿಯ ಮೇಲೆ ಒಟ್ಟು ತೂಕದ ಹತ್ತನೇ ಒಂದು ಪಾಲಿನಷ್ಟಾದರೂ ಭಾರ ಇದ್ದರೆ ಟ್ರೇಲರ್ ನೇರ ಬರುತ್ತದೆ. ಅದು ತೀರ ಕಡಿಮೆಯಾದರೆ ವೇಗ ಹೆಚ್ಚಿದಂತೆ ಬಾಲ ಅತ್ತಿತ್ತ ಬೀಸಲು ಶುರುವಾಗುತ್ತದೆ. ಒಮ್ಮೆ ಬೀಸು ಜೋರಾದರೆ ಮುಂದಿನ ಗಾಡಿಯನ್ನೂ ತಿರುಗಿಸಿ ಹಾಕುತ್ತದೆ.

ಮುಂದೆ ಎಂಜಿನ್ ಇರುವ ಕಾರಿನಲ್ಲಿ 60 ಪಾಲು ಭಾರ ಮುಂದಿದೆ ಎಂದುಕೊಳ್ಳಿ. ಕೇಮನ್‌ನ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 2,475 ಮಿ.ಮೀ. ಅಷ್ಟೇ ಅಂತರದ ಮುಂಭಾರದ ಕಾರಿನಲ್ಲಿ ಭಾರಕೇಂದ್ರ ಮುಂದಿನ ಚಕ್ರದಿಂದ ಸುಮಾರು 99 ಸೆಂ.ಮೀ. ಹಿಂದೆ ಬೀಳುತ್ತದೆ. ಕೇಮನ್‌ನಲ್ಲಿ 136 ಸೆಂ.ಮೀ. ಅಂದರೆ ಮುಂದಿನ ಚಕ್ರವನ್ನು ಅದೇ ಹಳದಿ ಗೆರೆಗೆ ನಿಲ್ಲಿಸಿದರೂ ಭಾರ 37 ಸೆಂ.ಮೀ. ಹಿಂದೆ ಸರಿದಿರುತ್ತದೆ. ಕೊಂಡಿಯಿಂದ ಟ್ರೇಲರ್ ಆಕ್ಸಲ್‌ಗಳ ನಡುವಿನವರೆಗೆ 4 ಮೀಟರ್ ಎಂದು ಹಿಡಿದರೆ, 1,400 ಕೆ.ಜಿ. ಕಾರಿಗೆ ಕೊಂಡಿಯ ಮೇಲಿನ ಭಾರದಲ್ಲಿ ಸುಮಾರು 130 ಕೆ.ಜಿ. ಕಡಿಮೆಯಾಗುತ್ತದೆ. ಟ್ರೇಲರ್ ಸೇರಿ ಒಟ್ಟು 2,000 ಕೆ.ಜಿ. ಇದ್ದರೆ ಬೇಕಾದದ್ದು 200, ಉಳಿದದ್ದು 70. ಕಣ್ಣಿಗೆ ಏನೂ ವ್ಯತ್ಯಾಸ ಕಾಣುವುದಿಲ್ಲ. ಚಿತ್ರದುರ್ಗದ ಕಡೆಯ ಇಳಿಜಾರಿನಲ್ಲಿ ಕಾಣುತ್ತದೆ.

ಪರಿಹಾರ ಇದೆ. ಕಾರನ್ನು ಹಿಮ್ಮುಖವಾಗಿ ಹತ್ತಿಸಿ, ಬಾಲ ಸ್ಕಾರ್ಪಿಯೋ ಕಡೆ ಬರಲಿ, ಆಮೇಲೆ ಹಿಂದೆ ಮುಂದೆ ಸರಿಸಿ ಭಾರ ಹೊಂದಿಸಿ. ಊಹೆ ಬೇಡ, ನಿಮ್ಮ ಗಿರಣಿಯಲ್ಲಿ ಮೂಟೆ ತೂಗುವ ಯಂತ್ರ ಇದೆಯಲ್ಲ, ಅದನ್ನೇ ಸಮತಟ್ಟು ನೆಲದಲ್ಲಿ ಟ್ರೇಲರ್ ಕೊಂಡಿಯ ಕೆಳಗಿಟ್ಟು ತೂಗಿ. ಅತಿಯಾದ ಭಾರವೂ ಒಳ್ಳೆಯದಲ್ಲ. ಸ್ಕಾರ್ಪಿಯೋದ ಹಿಂಭಾಗ ಕುಸಿದು ಮುಂದಿನ ಚಕ್ರಗಳ ಹಿಡಿತ ತಗ್ಗುತ್ತದೆ. ಟ್ರೇಲರ್‌ಗೆ ತನ್ನದೇ ಬ್ರೇಕ್ ಇದೆಯೇ, ನೋಂದಣಿ ಇದೆಯೇ, ಸ್ಕಾರ್ಪಿಯೋ ಇಷ್ಟು ಎಳೆಯಬಹುದು ಎಂದು ಅದರ ಕೈಪಿಡಿ ಹೇಳುತ್ತದೆಯೇ ಎಂದು ಕೇಳಿ. ಒಂದಕ್ಕಾದರೂ ಇಲ್ಲ ಎಂಬ ಉತ್ತರ ಬಂದರೆ ಅಲ್ಲಿಗೆ ಬಿಡಿ. ನನ್ನನ್ನು ಕೇಳಿದರೆ, ಬ್ರೇಕಿಲ್ಲದ ಟ್ರೇಲರ್‌ನಲ್ಲಿ ನಾನು ಬೈಕನ್ನೂ ಕಳಿಸುವುದಿಲ್ಲ.

ತೋರಣಗಲ್ಲು ರಿಕವರಿ:

ಕೊಪ್ಪಳದವರ ಲೆಕ್ಕಕ್ಕೆ ನನ್ನದೂ ಸಹಿ. ಒಂದು ಮಾತು ಸೇರಿಸುತ್ತೇನೆ: ಬಾಲ ಬೀಸಲು ಶುರುವಾದರೆ ಡ್ರೈವರ್ ಬ್ರೇಕ್ ತುಳಿಯಬಾರದು, ವೇಗ ಹೆಚ್ಚಿಸಿ ನೇರ ಮಾಡಲೂ ಹೋಗಬಾರದು. ಸ್ಟೇರಿಂಗ್ ನೇರ ಹಿಡಿದು ಆಕ್ಸಿಲರೇಟರ್‌ನಿಂದ ಕಾಲು ತೆಗೆಯಬೇಕು.

ಗಂಗಾವತಿ ರೈಸ್‌ಮಿಲ್:

ಟ್ರೇಲರ್‌ಗೆ ಬ್ರೇಕ್ ಇಲ್ಲ. ಬೀಗರನ್ನು ಕೇಳಿದೆ, ಬೇಕಾಗಿಯೇ ಇರಲಿಲ್ಲ ಎಂದರು. ಸಾಹುಕಾರರು 130 ಕೆ.ಜಿ. ಲೆಕ್ಕವನ್ನು ಎರಡು ಸಲ ಓದಿಸಿಕೊಂಡು ಫ್ಲಾಟ್‌ಬೆಡ್‌ಗೆ ಒಪ್ಪಿದರು. ಬಳ್ಳಾರಿಯಿಂದ ಒಂದು ಲಾರಿ ಮಾತಾಗಿದೆ, ಹಾಸು ನೆಲಕ್ಕೆ ಇಳಿಯುವಂಥದ್ದೇ. ಇನ್ನು ಎರಡು ಸಂಶಯ. ಹೋಟೆಲ್ ಅಂಗಳ ಇಕ್ಕಟ್ಟು, ಕಾರನ್ನು ಸ್ವಲ್ಪ ತಿರುಗಿಸಿ ನೇರ ಮಾಡಬೇಕು. ಗಿರಣಿಯಿಂದ ಆರು ಜನ ಹಮಾಲರನ್ನು ಕರೆತರುತ್ತೇನೆ, ಎಲ್ಲಿ ಕೈಯಿಟ್ಟು ತಳ್ಳಬೇಕು? ಲಾರಿ ಯಾವ ದಾರಿಯಲ್ಲಿ ಬರಲಿ?

ತೋರಣಗಲ್ಲು ರಿಕವರಿ:

ಆರು ಜನ ಬೇಕಿಲ್ಲ, ನಾಲ್ವರೇ ಸಾಕು. ಹಿಂದಿನ ರೆಕ್ಕೆ, ಬಂಪರ್‌ನ ನಡುಭಾಗ, ಬಾಗಿಲಿನ ಹಿಂದೆ ಎಂಜಿನ್‌ಗೆ ಗಾಳಿ ಹೋಗುವ ಪಕ್ಕದ ಕಿಂಡಿ, ಈ ಮೂರು ಜಾಗಕ್ಕೆ ಕೈ ಬೇಡ. ಕಿಟಕಿ ಇಳಿಸಿ, ಇಬ್ಬರು ಬಾಗಿಲಿನ ಕಂಬ ಹಿಡಿದು ತಳ್ಳಲಿ. ಉಳಿದವರು ಹಿಂದಿನ ಚಕ್ರಗಳ ರಬ್ಬರನ್ನೇ ಹಿಡಿದು ಉರುಳಿಸಲಿ. ಬೆಲ್ಟಿನ ಬಕಲ್, ಕೈಗಡಗ, ಉಂಗುರ ತೆಗೆದಿಡಲು ಹೇಳಿ. ಪಾಪ, ಅವರು ಮೂಟೆ ಹೊರುವವರು, ಯಾರೂ ಹೇಳದಿದ್ದರೆ ಅವರಿಗೆ ಗೊತ್ತಾಗುವುದು ಹೇಗೆ?

ಲಾರಿ ಬಳ್ಳಾರಿಯಿಂದ ಕಂಪ್ಲಿ ಮೇಲೆ ಬಂದರೆ ಹತ್ತಿರ. ಆದರೆ ಜಲಾಶಯದಿಂದ ಹೆಚ್ಚು ನೀರು ಬಿಟ್ಟರೆ ಕಂಪ್ಲಿ ಸೇತುವೆ ಮುಳುಗುತ್ತದೆ. ಹೊರಡುವ ದಿನ ಬೆಳಿಗ್ಗೆ ವಿಚಾರಿಸಿ, ಅನುಮಾನ ಇದ್ದರೆ ಹೊಸಪೇಟೆ, ಮುನಿರಾಬಾದ್, ಹುಲಗಿ ಮೇಲೆ ಬರಲಿ. ಕಾರು ಹೇರಿಕೊಂಡು ಹೋಗುವುದೂ ಹುಲಗಿ, ಮುನಿರಾಬಾದ್ ಮೇಲೆಯೇ. ಅಲ್ಲಿಂದ ರಾಷ್ಟ್ರೀಯ ಹೆದ್ದಾರಿ 50 ಹಿಡಿದು ಕೂಡ್ಲಿಗಿ, ಚಿತ್ರದುರ್ಗ, ಮುಂದೆ 48ರಲ್ಲಿ ಬೆಂಗಳೂರು. ಹೆದ್ದಾರಿ ಮುಟ್ಟುವವರೆಗೆ ನಾಲೆಯ ಪಕ್ಕದ ಹಂಪ್‌ಗಳಲ್ಲಿ ನಡಿಗೆಯ ವೇಗ ಸಾಕು. ಹೆದ್ದಾರಿ ಸೇರಿದ ಕೂಡಲೇ ನಿಲ್ಲಿಸಿ ನಾಲ್ಕೂ ಬೆಲ್ಟ್ ಮತ್ತೆ ಬಿಗಿಯಲಿ. ಮೊದಲ ಹತ್ತಿಪ್ಪತ್ತು ಕಿಲೋಮೀಟರ್‌ನಲ್ಲೇ ಅವು ಸಡಿಲವಾಗುವುದು. ಆಮೇಲೆ ಚಹಾಕ್ಕೆ ನಿಂತಾಗಲೆಲ್ಲ ಒಮ್ಮೆ ಮುಟ್ಟಿ ನೋಡಿದರೆ ಆಯಿತು.

ಒಂದು ಮುಖ್ಯ ವಿಷಯ. ಮಳೆ ಬಂದಿದ್ದರೆ ಲಾರಿಯನ್ನು ರಸ್ತೆಯಿಂದ ಕೆಳಗಿಳಿಸಬೇಡಿ. ಎರೆ ಮಣ್ಣಿನ ಅಂಚು ಮೇಲೆ ಒಣಗಿದಂತೆ ಕಂಡರೂ ಒಳಗೆ ಬೆಣ್ಣೆ. ಹಾಸು ಬಾಗಿಸಿದಾಗ ಲಾರಿಯ ಭಾರವೆಲ್ಲ ಹಿಂದಿನ ಚಕ್ರಗಳಿಗೆ ಬಂದು ಒಂದು ಕಡೆ ಕುಸಿದರೆ ಕಾರು ಪಕ್ಕಕ್ಕೆ ಜಾರುತ್ತದೆ. ಅಂಗಳದಲ್ಲಿ ಕಾಂಕ್ರೀಟ್ ಇದ್ದರೆ ಸರಿ, ಇಲ್ಲದಿದ್ದರೆ ಡಾಂಬರಿನ ಮೇಲೆಯೇ ಹತ್ತಿಸಿ, ಎರಡೂ ಕಡೆ ಒಬ್ಬೊಬ್ಬರನ್ನು ನಿಲ್ಲಿಸಿ ವಾಹನಗಳನ್ನು ತಡೆಯಿರಿ.

ಹತ್ತಿಸುವ ಮುಂಚೆಯೂ ಕಟ್ಟಿದ ಮೇಲೆಯೂ ಸುತ್ತಲೂ ಫೋಟೋ ತೆಗೆಯಿರಿ, ಬಂಪರ್‌ನ ಕೆಳ ಅಂಚು ಮತ್ತು ನಾಲ್ಕೂ ರಿಮ್ ಸೇರಿಸಿ. ಖಾಲಿ ವಾಪಸ್ ಬರುವ ಬಾಡಿಗೆ, ಟೋಲ್ ಯಾರದು ಎಂಬುದನ್ನು ಇಲ್ಲೇ ಮಾತಾಡಿ ಮುಗಿಸಿ. ಕಾರನ್ನು ಪಾರ್ಕಿಂಗ್‌ಗೆ ಹಾಕಿ, ಪಾರ್ಕಿಂಗ್ ಬ್ರೇಕ್ ಹಾಕಿ. ಆಮೇಲೆ ಬ್ಯಾಟರಿಯ ಮೈನಸ್ ತಂತಿ ಬಿಚ್ಚಿದರೆ, ಮುಂದಿನ ಮುಚ್ಚಳ ಹಾಕಿದ ಮೇಲೆ ಕರೆಂಟಿಲ್ಲದೆ ಮತ್ತೆ ತೆರೆಯುವುದಿಲ್ಲ, ತೆರೆದೇ ಬಿಟ್ಟರೆ ಗಾಳಿಗೆ ಹಾರಿಹೋಗುತ್ತದೆ. ಬಿಚ್ಚದೆ ಬಿಡುವುದೇ ವಾಸಿ. ಇಳಿಸುವವರಿಗೆ ಫ್ಯೂಸ್ ಪೆಟ್ಟಿಗೆಯ ಗುಟ್ಟು ತಿಳಿಸಿ, ಕೊಂಡಿಯನ್ನು ಸೀಟಿನ ಮೇಲೆ ಇಡಿ.

ಯಾವತ್ತು ಹೊರಡುವುದು? ಮಂಗಳವಾರವೋ ಶುಕ್ರವಾರವೋ ಆದರೆ ಹುಲಿಗೆಮ್ಮನ ದರ್ಶನಕ್ಕೆ ಬಂದ ಜನ, ಟಂಟಂ, ಟ್ರ್ಯಾಕ್ಟರ್‌ಗಳ ನಡುವೆ ಲಾರಿ ಸಿಕ್ಕಿಬೀಳುತ್ತದೆ.

ಗಂಗಾವತಿ ರೈಸ್‌ಮಿಲ್:

ಶುಕ್ರವಾರ ಎಂದು ಹೇಳಿದ್ದೆ. ಈಗಲೇ ಲಾರಿಯವನಿಗೆ ಫೋನ್ ಮಾಡಿ ಗುರುವಾರ ಬೆಳಿಗ್ಗೆ ಐದಕ್ಕೆ ಬರಲು ಹೇಳುತ್ತೇನೆ. ಹೋಟೆಲ್ ಅಂಗಳದಲ್ಲಿ ಕಾಂಕ್ರೀಟ್ ಇಲ್ಲ, ಡಾಂಬರಿನ ಮೇಲೆಯೇ ಹತ್ತಿಸುತ್ತೇವೆ. ಹಲಗೆಗಳಿಗೆ ಗೋದಾಮಿನಲ್ಲಿ ಮೂಟೆ ಹತ್ತಿಸುವ ಏಣಿಹಲಗೆಗಳನ್ನೇ ತರಲೇ, ಅಥವಾ ಅಗಲ ಸಾಲದೇ? ಅವು ಸುಮಾರು ಒಂದಡಿ ಅಗಲ ಇವೆ.

ತೋರಣಗಲ್ಲು ರಿಕವರಿ:

ಒಂದಡಿ ಸಾಕಾಗುತ್ತದೆ, ಆದರೆ ಹಿಂದಿನ ಟೈರ್ ಅಗಲ, ಅಂಚಿನಿಂದ ಜಾರಿದರೆ ಕಷ್ಟ. ಪ್ರತಿ ಚಕ್ರಕ್ಕೆ ಎರಡೆರಡು ಜೋಡಿಸಿ, ಅಡಿಯಲ್ಲಿ ಅಡ್ಡ ಪಟ್ಟಿ ಹೊಡೆಸಿ. ಮೊಳೆಯ ತುದಿ ಮೇಲೆ ಬರದ ಹಾಗೆ ನೋಡಿಕೊಳ್ಳಿ, ಉಳಿದ ಮೂರು ಟೈರುಗಳು ಇನ್ನೂ ಚೆನ್ನಾಗಿವೆ.